ಒಂದೇ ಕಾಲಿಗೆ ಒಗ್ಗಿದ ಬ್ರೇಕು

ಗದಗ ರಸ್ತೆಯ ತಪಾಸಣಾ ಗೇಟಿನಲ್ಲಿ ಇನ್‌ಸ್ಪೆಕ್ಟರ್ ರೇಷ್ಮಾ ನದಾಫ್ ಖಾಸಗಿ ಬಸ್ಸೊಂದನ್ನು ತಾವೇ ಓಡಿಸಿ ಬ್ರೇಕ್ ಒತ್ತಿದರು. ಅಚ್ಚಿಗೆ ಸುತ್ತಿಕೊಂಡು ಚಕ್ರ ಹಿಡಿಯಬೇಕಾದ ಬ್ರೇಕ್‌ಹುಳ ಮಿಸುಕಲಿಲ್ಲ. ಚಾಲಕ ಬಸಲಿಂಗಪ್ಪ ಒತ್ತಿದಾಗ ಮಾತ್ರ ಬಸ್ಸು ಗೀಟು ಎಳೆದಂತೆ ನಿಂತಿತು.

“ಇದಕ್ಕ ಯಾರು ತಿನಸ್ತೀರಿ?”

“ನಾ ಒಬ್ಬಾವನ ರೀ ಮೇಡಂ. ಒಂಬತ್ತು ವರ್ಷ ಆತು, ಬ್ಯಾರೆದವ್ರನ್ನ ಮುಟ್ಟಗೊಟ್ಟಿಲ್ಲ.”

“ನಾಳೆ ನಿಮಗ ಎದಿನೋವು ಬಂದ್ರ ಬಸ್ ನಿಲ್ಸೋರು ಯಾರ್ರಿ?”

ರೇಷ್ಮಾ ನೋಟಿಸು ಬರೆದರು. ಒಬ್ಬರಿಗೇ ಒಗ್ಗಿದ ಹುಳವನ್ನು ಕಿತ್ತು ಸುಡಬೇಕು, ಇಲ್ಲವೇ ಸ್ಥಳದಲ್ಲೇ ಮೂವತ್ತು ಕೈಗಳಿಂದ ತಿನ್ನಿಸಿ, ಯಾರ ಕಾಲಿಗಾದರೂ ಒಗ್ಗುವಂತೆ ಮಾಡಿ ಮರುಪರೀಕ್ಷೆ ಮಾಡಬೇಕು ಎಂಬುದು ನಿಯಮ.

ಬಸಲಿಂಗಪ್ಪ ಪ್ರಯಾಣಿಕರಿಗೆ ಕೈಮುಗಿದ. ಅವರು ಇಳಿದು ಸಾಲಾಗಿ ನಿಂತು, ಚಕ್ರದ ಬಳಿ ಬಗ್ಗಿ ಒಬ್ಬೊಬ್ಬರಾಗಿ ಬೆಲ್ಲದ ಚೂರು ಹಿಡಿದರು.

“ಕಚ್ಚಂಗಿಲ್ಲಲ್ಲ?” ಎಂದು ಒಬ್ಬಾಕೆ ಕೇಳಿದಳು.

“ಅದೇನ್ ನಿಮ್ಮತ್ತೀನ ಕಚ್ಚಾಕ?” ಎಂದಳು ಹಿಂದಿದ್ದವಳು.

ಮೂವತ್ತು ಮಂದಿಯೂ ಮುಗಿಸಿದ ಮೇಲೆ ರೇಷ್ಮಾ ನಲವತ್ತರ ವೇಗದಲ್ಲಿ ಮತ್ತೆ ಒತ್ತಿದರು. ಬಸ್ಸು ನಿಂತಿತು. ‘ದೋಷ ನಿವಾರಣೆಯಾಗಿದೆ’ ಎಂದು ಬರೆದು ನೋಟಿಸು ಚಾಚಿದರೂ ಬಸಲಿಂಗಪ್ಪ ಕೈನೀಡಲಿಲ್ಲ.

“ಹುಳ ಉಳೀತಲ್ರಿ, ಮತ್ಯಾಕ ಸಪ್ಪಗಾದ್ರಿ?”

“ನಿಮ್ಮ ಕಾಲಿಗೂ ಅಷ್ಟ ಚಂದ ನಿಂತತು ನೋಡ್ರಿ,” ಎಂದ ಅವನು, ಚಕ್ರದಿಂದ ಕಣ್ಣು ತೆಗೆಯದೆ.