ರದ್ದು ಮಾಡುವ ಗುಂಡಿ

ಬಸ್ಸಿನ ಬ್ರೇಕುಗಳನ್ನು ತಯಾರಿಸುವ ಆ ಕಾರ್ಖಾನೆಯಲ್ಲಿ, ಪರೀಕ್ಷಕಿ ನೀಲವ್ವ ತಿರಸ್ಕರಿಸಿದ ಸರಕು ಎಂದೂ ಬಾಗಿಲು ದಾಟಿರಲಿಲ್ಲ. ಹೊಸ ಸಾಫ್ಟ್‌ವೇರ್ ಮಾರಲು ಬಂದಿದ್ದ ತರುಣ ಪರದೆಯ ಮೇಲೊಂದು ಗುಂಡಿಯನ್ನು ತೋರಿಸಿದ.

"ಇದನ್ನ ಒತ್ತಿ ಮಾಲೀಕರು ನಿಮ್ಮ ತಿರಸ್ಕಾರ ರದ್ದು ಮಾಡಬಹುದು."

"ಆ ಗುಂಡಿ ತಗದು ಕೊಡ್ರಿ. ಇಲ್ಲಾಂದ್ರ ನಿಮ್ಮ ಗಂಟು ಕಟ್ರಿ," ಎಂದಳು ನೀಲವ್ವ.

"ಎಲ್ಲಾ ಕಂಪನಿಗಳೂ ಹೀಗೇ ನಡೆಯೋದು, ಅಮ್ಮ. ಮಾಲೀಕರ ಕೈ ಕಟ್ಟೋ ಸಾಫ್ಟ್‌ವೇರ್ ಯಾರು ತಗೋತಾರೆ?"

"ಇಲ್ಲಿ ಹಂಗ ನಡಿಯೂದಿಲ್ಲ." ಆಕೆ ಪಕ್ಕದಲ್ಲೇ ಕುಳಿತಿದ್ದ ಮಾಲೀಕರತ್ತ ತಿರುಗಿದಳು. "ನಾ ಬ್ಯಾಡಂದ ಬ್ರೇಕು ನೀವು ಕಳಸ್ತೀರೇನ್ರಿ, ಸಾವಕಾರ್ರ?"

ಮಾಲೀಕರು ಪರದೆಯನ್ನು ತರುಣನತ್ತ ತಿರುಗಿಸಿದರು.

"ಗುಂಡಿ ಇದ್ರ, ಅವಸರದ ಆರ್ಡರ್ ಬಂದಾಗ ಕಳಸೇ ಬಿಡ್ತೀನಿ, ನೀಲವ್ವ," ಎಂದರು. "ಅದಕ್ಕಂತನ ನನ್ನ ಕೈಯಾಗ ಆ ಗುಂಡಿ ಇರೂದು ಬ್ಯಾಡ."