ಅಂಗಳದ ಹೆಜ್ಜೆ

ಮಳೆನೀರು ಅಂಗಳದಿಂದ ಮನೆಯೊಳಗೇ ನುಗ್ಗತೊಡಗಿದ ಮೇಲೆ ಹಳೆಯ ಕಾಂಕ್ರೀಟು ಒಡೆಸದೆ ಗತಿಯಿರಲಿಲ್ಲ. ಆದರೆ ಅದರ ಒಂದು ಮೂಲೆಯಲ್ಲಿ ಎರಡು ಪುಟ್ಟ ಹೆಜ್ಜೆಗಳಿದ್ದವು. ಕಾಂಕ್ರೀಟು ಇನ್ನೂ ಹಸಿಯಿದ್ದಾಗ ಮಗಳು ಅದರ ಮೇಲೆ ಓಡಿದ್ದಳು. ಆ ವರ್ಷವೇ ಜ್ವರ ಬಂದು ತೀರಿಕೊಂಡಳು. ಅವಳದೆಂದು ಉಳಿದದ್ದು ಅವೆರಡೇ.

"ಅದಷ್ಟು ಕೊರದು ತಗದು ಕೊಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ತಾಯಿ ಅಂಗಲಾಚಿದರೂ ಮೂವರು ಗುತ್ತಿಗೆದಾರರು ಆಗದೆಂದು ಎದ್ದು ಹೋದರು. ನಾಲ್ಕನೆಯವನು ಬಗ್ಗಿ, ಹೆಜ್ಜೆಯನ್ನು ಬೆರಳಿನಿಂದ ಅಳೆದು ನೋಡಿದ.

"ಕಟಿಂಗ್ ಮಷಿನ್ ನಾ ನಾಳೆ ಮಧ್ಯಾಹ್ನ ತರ್ತೀನ್ರಿ ಅಕ್ಕಾರ. ಅದಕ್ಕ ಮೊದಲ ಮುಂಜಾನೆ ಆಳುಗೋಳು ಬಂದು ಉಳಿದದ್ದು ಒಡೀತಾರ. ಹೆಜ್ಜಿ ಸುತ್ತ ಸುಣ್ಣದ ಗೆರಿ ಹಾಕಿಡ್ರಿ. ಗೆರಿ ಇದ್ದಲ್ಲಿ ಮುಟ್ಟಬ್ಯಾಡ್ರಿ ಅಂತ ಹೇಳಿರ್ತೀನಿ."

ಮರುದಿನ ಬೆಳಗ್ಗೆ ಎದ್ದವಳೇ ಗೆರೆ ಎಳೆದಳು. ಮನಸ್ಸು ನಿಲ್ಲಲಿಲ್ಲ. ಬರೀ ಗೆರೆಯನ್ನು ಯಾರಾದರೂ ತುಳಿದುಬಿಟ್ಟಾರು ಎಂದು ಅದನ್ನು ಒರೆಸಿ ರಂಗೋಲಿ ಹಾಕಿದಳು. ಅರಿಷಿಣ-ಕುಂಕುಮ ಏರಿಸಿ, ಹೆಜ್ಜೆಗಳು ಮುಚ್ಚುವಷ್ಟು ಸೇವಂತಿಗೆ ಇಟ್ಟಳು. ಇನ್ನು ಯಾರೂ ಮುಟ್ಟಲಾರರು ಎಂದು ಧೈರ್ಯ ಬಂದು, ಆಳುಗಳ ಚಹಾಕ್ಕೆ ಹಾಲು ತರಲು ಹೋದಳು.

ತಿರುಗಿ ಬರುವಾಗ ಕಾಂಕ್ರೀಟು ಒಡೆಯುವ ಬ್ರೇಕರಿನ ಸದ್ದು ಓಣಿಯ ತುದಿಗೇ ಕೇಳಿಸಿತು. ಓಡಿ ಬಂದಳು. ಅಂಗಳವೆಲ್ಲ ಹಾಗೇ ಇತ್ತು. ಆ ಮೂಲೆ ಮಾತ್ರ ಪುಡಿಯಾಗಿತ್ತು.

ಹಿರಿಯ ಆಳು ಮಷಿನ್ ನಿಲ್ಲಿಸಿ ಕೈಮುಗಿದ. "ಗೆರಿ ಎಲ್ಲೂ ಕಾಣಲಿಲ್ಲ ಯವ್ವಾ. ನೀವು ಪೂಜಿ ಮಾಡಿಟ್ಟಿದ್ರಲ್ಲ, ಶುಭ ಆಗ್ಲಿ ಅಂತ ಮೊದಲನೇ ಏಟು ಅಲ್ಲೇ ಹಾಕೀವ್ರಿ."