ಕಹಿಬೇವು

ತಾರಸಿ ತೋಟದವರ ಸಂಘಕ್ಕೆ ಮಂದಾಕಿನಿ ಕಟ್ಟಿಕೊಟ್ಟ ವೆಬ್‌ಸೈಟು ಮೊದಮೊದಲು ಬಿಕೋ ಎನ್ನುತ್ತಿತ್ತು. ಆಮೇಲೆ 'ಕಹಿಬೇವು' ಎಂಬ ಹೆಸರಿನ ಸದಸ್ಯನೊಬ್ಬ ಬಂದು ಸೇರಿದ. ಯಾರು ಟೊಮೆಟೊ ಚಿತ್ರ ಹಾಕಿದರೂ, "ಗೋಲಿ ಆಡಕ್ಕೆ ಬೆಳೆದಿದ್ದಾ?" ಎಂದು ಕೆಣಕುತ್ತಿದ್ದ. ಅವನಿಗೆ ತಿರುಗೇಟು ಕೊಡಲೆಂದೇ ಜನ ಮುಗಿಬಿದ್ದರು. ದಿನವಿಡೀ ಮಾತು, ಫೋಟೊ, ನಗು.

ಒಂದು ದಿನ ಸಂಘದ ಅಧ್ಯಕ್ಷ ಪುಟ್ಟಬಸಪ್ಪನವರು ಮಂದಾಕಿನಿಗೆ ಫೋನ್ ಮಾಡಿದರು.

"ನನ್ನ ಬದನೆಕಾಯಿ ನೋಡಿ ನೇರಳೆಹಣ್ಣು ಅಂದ್ಬಿಟ್ನಲ್ಲಮ್ಮ! ಈಗಲೇ ಅವನನ್ನ ಕಿತ್ತುಹಾಕು. ಇಲ್ಲಾಂದ್ರೆ ಸೈಟ್ ಕೆಲಸ ಬೇರೆಯವರಿಗೆ ಕೊಡ್ತೀನಿ."

"ಅವನು ಹೋದ್ರೆ ಸಪ್ಪೆ ಆಗ್ಬಿಡುತ್ತೆ ಸರ್."

"ಆಗಲಿ ಬಿಡು!"

ಮಂದಾಕಿನಿ ಕಹಿಬೇವಿನ ಬಾಯಿ ಮುಚ್ಚಿಸಿದಳು. ಸೈಟೂ ಬಾಯಿ ಮುಚ್ಚಿಕೊಂಡಿತು. ಅಧ್ಯಕ್ಷರು ಹೆಮ್ಮೆಯಿಂದ ತೋಳುದ್ದದ ಪಡವಲಕಾಯಿಯ ಚಿತ್ರ ಹಾಕಿದರೆ ಒಬ್ಬರೂ ತಿರುಗಿ ನೋಡಲಿಲ್ಲ. ಮರುದಿನವೇ ಅವರ ಫೋನ್ ಬಂತು.

"ಅವನನ್ನ ವಾಪಸ್ ಕರೆಸಮ್ಮ. ಈ ಪಡವಲಕಾಯಿನ ಅವನು ನೋಡಲೇಬೇಕು."

"ತುಂಬ ಬೇಜಾರಾಗಿರಬಹುದು ಸರ್."

"ನಾನು ಕ್ಷಮೆ ಕೇಳ್ದೆ ಅಂತ ಹೇಳು. ಮನೆಗೆ ಊಟಕ್ಕೂ ಕರಿ. ಹೆಂಗಾದ್ರೂ ಮಾಡಿ ಒಪ್ಪಿಸು!"

"ಕೇಳಿ ನೋಡ್ತೀನಿ ಸರ್."

ಮಂದಾಕಿನಿ ಫೋನ್ ಕೆಳಗಿಟ್ಟು, ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡು, ಕಹಿಬೇವಿನ ಪಾಸ್‌ವರ್ಡ್ ಒತ್ತಿ ಬರೆದಳು: "ಇದೇನು ಅಧ್ಯಕ್ಷರೇ, ಹುರುಳಿಕಾಯಿನಾ?"